ಉಸಿರಿನೊಳಗಿನ ಕಲ್ಲು: ಸಿಲಿಕೋಸಿಸ್, ರೋಗನಿದಾನ ಮತ್ತು ಅರಿವಳಿಕೆ



ಇಂದಿನ ಭಾಷಣವನ್ನು ಒಂದು ಆಸ್ಪತ್ರೆಯ ವಾರ್ಡಿನಿಂದ ಆರಂಭಿಸೋಣ. ಇದು ನಾವು ಕಲ್ಪಿಸಿಕೊಳ್ಳುವ ದೃಶ್ಯ. ಆದರೆ ನಮ್ಮ ನಾಡಿನ ಯಾವ ಊರಿನಲ್ಲಿಯಾದರೂ ನಡೆಯಬಹುದಾದದ್ದು.

ಸಂಜೆಯ ಹೊತ್ತು. ಸುಮಾರು 45 ವರ್ಷದ ಒಬ್ಬರು ಮಂಚದ ಮೇಲೆ ದಿಂಬಿಗೊರಗಿ ಕುಳಿತಿದ್ದಾರೆ. ಎರಡು ವರ್ಷಗಳಿಂದ ಕೆಮ್ಮು. ನಾಲ್ಕು ಮೆಟ್ಟಿಲು ಹತ್ತಿದರೆ ಏದುಸಿರು. ಎಕ್ಸ್-ರೇ ಚಿತ್ರದಲ್ಲಿ ಎರಡೂ ಶ್ವಾಸಕೋಶಗಳ ಮೇಲ್ಭಾಗದ ತುಂಬ ರಾಗಿ ಚೆಲ್ಲಿದಂತೆ ಬಿಳಿ ಚುಕ್ಕೆಗಳು. ಕ್ಷಯವಿರಬಹುದೆಂದು ಆರು ತಿಂಗಳು ಮಾತ್ರೆ ಕೊಟ್ಟದ್ದಾಯಿತು. ಮಾತ್ರೆ ಮುಗಿಯಿತು, ಚುಕ್ಕೆಗಳು ಹಾಗೆಯೇ ಉಳಿದವು. ಕಫದಲ್ಲಿ ಕ್ಷಯದ ರೋಗಾಣು ಒಮ್ಮೆಯೂ ಕಂಡುಬಂದಿಲ್ಲ. ಹಾಗಾದರೆ ಇದೇನು? ತಿಳಿಯಲು ಶ್ವಾಸಕೋಶದ ಒಂದು ಚೂರನ್ನು ತೆಗೆದು ಸೂಕ್ಷ್ಮದರ್ಶಕದಡಿ ನೋಡಬೇಕೆಂದು ವೈದ್ಯರು ನಿರ್ಧರಿಸಿದ್ದಾರೆ. ಅದಕ್ಕೆ ಅರಿವಳಿಕೆ ಬೇಕು. ಆದ್ದರಿಂದ ಹಿಂದಿನ ದಿನವೇ ಅರಿವಳಿಕೆ ತಜ್ಞೆಯೊಬ್ಬರು ರೋಗಿಯನ್ನು ನೋಡಲು ಬಂದಿದ್ದಾರೆ. ಬೀಡಿ ಸೇದುವ ಅಭ್ಯಾಸವಿದೆಯೇ, ಹಿಂದೆ ಆಪರೇಷನ್ ಆಗಿತ್ತೇ, ಯಾವುದಾದರೂ ಔಷಧಿ ಒಗ್ಗುವುದಿಲ್ಲವೇ ಎಂದೆಲ್ಲ ವಿಚಾರಿಸಿದ ಮೇಲೆ ಅವರು ಕೇಳುತ್ತಾರೆ:

"ಏನು ಕೆಲಸ ಮಾಡ್ತೀರಿ?"

"ಸಂತೇಲಿ ತರಕಾರಿ ಮಾರ್ತೀನಮ್ಮ."

"ಎಷ್ಟು ವರ್ಷದಿಂದ?"

"ನಾಲ್ಕು ವರ್ಷ ಆಯ್ತು."

"ಅದಕ್ಕೆ ಮೊದಲು?"

"ಕಲ್ಲಿನ ಕೆಲಸ ಕಣಮ್ಮ. ಜಲ್ಲಿ ಮಿಷನ್ನಲ್ಲಿ. ಹದಿನೆಂಟು ವರ್ಷ."

ಈ ಕೊನೆಯ ಮಾತು ಎರಡು ವರ್ಷಗಳ ಚೀಟಿಗಳಲ್ಲಿ ಎಲ್ಲಿಯೂ ಬರೆದಿರಲಿಲ್ಲ. ಯಾರೂ ಕೇಳಿರಲಿಲ್ಲ, ಅವರೂ ಹೇಳಿರಲಿಲ್ಲ. ಬಿಟ್ಟುಬಂದ ಕೆಲಸಕ್ಕೂ ಇಂದಿನ ಕೆಮ್ಮಿಗೂ ಸಂಬಂಧವಿದೆಯೆಂದು ಅವರಿಗಾದರೂ ಹೇಗೆ ಗೊತ್ತಾಗಬೇಕು?

ಈ ಒಂದು ಉತ್ತರದಿಂದ ನಾಳೆಯ ಆಪರೇಷನ್ನಿನ ಗತಿಯೇ ಬದಲಾಗಬಹುದು. ಅದು ಹೇಗೆಂಬುದನ್ನು ತಿಳಿಯಲು ಮೂರು ವಿಷಯಗಳನ್ನು ನಾವು ಅರಿತುಕೊಳ್ಳಬೇಕು. ಕಲ್ಲಿನ ಧೂಳು ಶ್ವಾಸಕೋಶದಲ್ಲಿ ಏನು ಮಾಡುತ್ತದೆ? ಆ ರೋಗವನ್ನು ಗುರುತಿಸುವುದು ಹೇಗೆ? ಗುರುತಿಸುವ ಈ ಕೆಲಸದಲ್ಲಿ ಅರಿವಳಿಕೆಯ ಪಾತ್ರವೇನು?

ಕಾಣದ ಧೂಳು

ಸಿಲಿಕಾ ಎಂಬುದು ಸಿಲಿಕಾನ್ ಮತ್ತು ಆಕ್ಸಿಜನ್ ಸೇರಿ ಆದ ವಸ್ತು. ನಮ್ಮ ಹೊಲಗಳಲ್ಲಿ ಸಿಗುವ ಬಿಳಿಯ ಬೆಣಚುಕಲ್ಲು ಹೆಚ್ಚುಕಡಿಮೆ ಶುದ್ಧ ಸಿಲಿಕಾ. ಹೊಳೆಯ ಮರಳಿನ ಬಹುಭಾಗ ಅದೇ. ಗ್ರಾನೈಟ್ ಶಿಲೆಯಲ್ಲಿ ಕಾಲು ಭಾಗದಷ್ಟು ಅಥವಾ ಅದಕ್ಕೂ ಹೆಚ್ಚು ಸಿಲಿಕಾ ಹರಳು ಇರುವುದುಂಟು. ಹಾಗಾದರೆ ಮರಳಿನಲ್ಲಿ ಆಡುವ ಮಕ್ಕಳಿಗೆ ಸಿಲಿಕೋಸಿಸ್ ಏಕೆ ಬರುವುದಿಲ್ಲ? ಕಾರಣ ಗಾತ್ರ. ಮರಳಿನ ಕಣ ದೊಡ್ಡದು. ಅದು ಗಾಳಿಯಲ್ಲಿ ತೇಲುವುದಿಲ್ಲ, ತೇಲಿದರೂ ಮೂಗನ್ನು ದಾಟುವುದಿಲ್ಲ.

ಕಲ್ಲನ್ನು ಕೊರೆದಾಗ, ಒಡೆದಾಗ, ಅರೆದಾಗ, ಪಾಲಿಷ್ ಮಾಡಿದಾಗ ಕಥೆ ಬೇರೆ. ಒಂದು ಮಿಲಿಮೀಟರಿನ ಸಾವಿರದಲ್ಲಿ ಒಂದು ಭಾಗಕ್ಕೆ ಮೈಕ್ರೋಮೀಟರ್ ಎನ್ನುತ್ತೇವೆ. ನಮ್ಮ ತಲೆಗೂದಲಿನ ದಪ್ಪ ಸುಮಾರು 70 ಮೈಕ್ರೋಮೀಟರ್. ಹತ್ತು ಮೈಕ್ರೋಮೀಟರಿಗಿಂತ ದೊಡ್ಡ ಕಣಗಳನ್ನು ಮೂಗು, ಗಂಟಲು ಮತ್ತು ದೊಡ್ಡ ಶ್ವಾಸನಾಳಗಳು ಬಹುಮಟ್ಟಿಗೆ ಹಿಡಿದು ನಿಲ್ಲಿಸುತ್ತವೆ. ಶ್ವಾಸನಾಳದ ಒಳಗೋಡೆಯ ಸೂಕ್ಷ್ಮ ರೋಮಗಳು ಲೋಳೆಯ ಜೊತೆಗೆ ಅವನ್ನು ಮೇಲಕ್ಕೆ ತಳ್ಳಿ ಕಫವಾಗಿ ಹೊರಹಾಕುತ್ತವೆ. ಐದು ಮೈಕ್ರೋಮೀಟರಿಗಿಂತ ಚಿಕ್ಕ ಕಣಗಳು ಮಾತ್ರ ಈ ಎಲ್ಲ ಕಾವಲುಗಳನ್ನೂ ದಾಟಿ ಶ್ವಾಸಕೋಶದ ತುತ್ತತುದಿಯ ಗಾಳಿಗೂಡುಗಳನ್ನು ತಲುಪಬಲ್ಲವು. ಇಷ್ಟು ಚಿಕ್ಕ ಕಣ ಬರಿಗಣ್ಣಿಗೆ ಕಾಣಿಸದು. ಕಲ್ಲುಗಣಿಯಲ್ಲಿ ಕಾಣುವ ಧೂಳಿಗಿಂತ ಕಾಣದ ಧೂಳೇ ಹೆಚ್ಚು ಅಪಾಯಕಾರಿ ಎಂಬುದನ್ನು ಮರೆಯಬಾರದು.

ನಮ್ಮ ಶ್ವಾಸಕೋಶಗಳಲ್ಲಿ ಇಂಥ ಗಾಳಿಗೂಡುಗಳು 30 ಕೋಟಿಗೂ ಮಿಗಿಲಾಗಿವೆ. ಅವುಗಳ ಗೋಡೆ ಅತ್ಯಂತ ತೆಳು. ಆ ಗೋಡೆಯ ಮೂಲಕವೇ ಆಕ್ಸಿಜನ್ ರಕ್ತಕ್ಕೆ ಸೇರುತ್ತದೆ. ಅಲ್ಲಿಗೆ ಬಂದು ಬಿದ್ದ ಕಸವನ್ನು ನುಂಗಿ ಶುಚಿಮಾಡಲು ಭಕ್ಷಕ ಕೋಶಗಳೆಂಬ ಜೀವಕೋಶಗಳಿವೆ. ಬಂದದ್ದು ರೋಗಾಣುವಾದರೆ ಈ ಕೋಶಗಳು ಅದನ್ನು ನುಂಗಿ ಜೀರ್ಣಿಸಿಕೊಳ್ಳುತ್ತವೆ. ಆದರೆ ಸಿಲಿಕಾ ಜೀರ್ಣವಾಗುವ ವಸ್ತುವಲ್ಲ. ನುಂಗಿದ ಕೋಶವೇ ಒಡೆದು ಸಾಯುತ್ತದೆ. ಸಾಯುವಾಗ ಅದು ಹೊರಬಿಡುವ ರಾಸಾಯನಿಕಗಳು ಸುತ್ತಲೂ ಉರಿಯೂತವನ್ನುಂಟುಮಾಡುತ್ತವೆ. ಹೊರಬಿದ್ದ ಸಿಲಿಕಾ ಕಣವನ್ನು ಇನ್ನೊಂದು ಕೋಶ ನುಂಗುತ್ತದೆ. ಅದೂ ಸಾಯುತ್ತದೆ. ಹೀಗೆ ಒಂದೇ ಕಣ ಸಾಲುಸಾಲಾಗಿ ಕೋಶಗಳನ್ನು ಕೊಲ್ಲುತ್ತ ಹೋಗುತ್ತದೆ.

ಗಾಯವಾದಲ್ಲಿ ಕಲೆಗಟ್ಟುವುದು ದೇಹದ ಧರ್ಮ. ಮೊಣಕಾಲಿನ ಗಾಯ ಮಾಗಿದ ಮೇಲೆ ಅಲ್ಲಿಯ ಚರ್ಮ ಗಡುಸಾಗುವುದನ್ನು ನೀವು ನೋಡಿದ್ದೀರಿ. ಶ್ವಾಸಕೋಶದೊಳಗೂ ಹೀಗೆಯೇ ಈರುಳ್ಳಿಯ ಪದರಗಳಂತೆ ಸುತ್ತುಸುತ್ತಾಗಿ ನಾರು ಬೆಳೆದು ಗಟ್ಟಿಯಾದ ಗಂಟುಗಳಾಗುತ್ತವೆ. ಎಕ್ಸ್-ರೇಯಲ್ಲಿ ಕಂಡ ರಾಗಿಕಾಳುಗಳು ಇವೇ. ಕಾಲಕ್ರಮದಲ್ಲಿ ಕೆಲವರಲ್ಲಿ ಸಣ್ಣ ಗಂಟುಗಳು ಒಂದಕ್ಕೊಂದು ಕೂಡಿ ದೊಡ್ಡ ಗಡ್ಡೆಗಳಾಗುತ್ತವೆ. ಮೃದುವಾದ ಸ್ಪಂಜಿನಂತಿದ್ದ ಶ್ವಾಸಕೋಶ ಬಿಗಿಯಾಗುತ್ತದೆ, ಕುಗ್ಗುತ್ತದೆ.

ಸಾಧಾರಣವಾಗಿ ಈ ರೋಗ ತಲೆದೋರಲು ಹತ್ತು ವರ್ಷ ಅಥವಾ ಇನ್ನೂ ಹೆಚ್ಚು ಕಾಲ ಬೇಕು. ಧೂಳು ಹೆಚ್ಚಾದಷ್ಟೂ ಅವಧಿ ಕಡಿಮೆಯಾಗುತ್ತದೆ. ವಿಪರೀತ ಧೂಳಿನಲ್ಲಿ ಕೆಲಸ ಮಾಡಿದವರಿಗೆ ಕೆಲವೇ ತಿಂಗಳುಗಳಲ್ಲಿ ತೀವ್ರ ಸಿಲಿಕೋಸಿಸ್ ಬಂದಿರುವುದುಂಟು. ಅಮೆರಿಕದ ವೆಸ್ಟ್ ವರ್ಜೀನಿಯಾದಲ್ಲಿ 1930-31ರಲ್ಲಿ ಹಾಕ್ಸ್ ನೆಸ್ಟ್ ಎಂಬಲ್ಲಿ ಬೆಟ್ಟವನ್ನು ಕೊರೆದು ಸುರಂಗ ತೋಡಿದಾಗ ನೂರಾರು ಕೆಲಸಗಾರರು ಹೀಗೆ ಪ್ರಾಣ ಕಳೆದುಕೊಂಡರು. ಅವರಲ್ಲಿ ಹೆಚ್ಚಿನವರು ಬಡ ಕಪ್ಪು ಜನಾಂಗದವರು.

ಇನ್ನೊಂದು ಕಹಿ ಸತ್ಯವಿದೆ. ಒಳಗೆ ಸೇರಿದ ಕಣ ಅಲ್ಲಿಯೇ ಇರುವುದರಿಂದ, ಕೆಲಸ ಬಿಟ್ಟ ಮೇಲೂ ರೋಗ ಬೆಳೆಯಬಹುದು. ನಮ್ಮ ತರಕಾರಿ ವ್ಯಾಪಾರಿ ಕಲ್ಲಿನ ಕೆಲಸ ಬಿಟ್ಟು ನಾಲ್ಕು ವರ್ಷವಾಗಿದೆ. ಕಲ್ಲು ಅವರನ್ನು ಬಿಟ್ಟಿಲ್ಲ.

ಚಿನ್ನದ ನಾಡಿನ ಪಾಠ

ಈ ರೋಗದ ಚರಿತ್ರೆಯಲ್ಲಿ ನಮ್ಮ ಕೋಲಾರದ ಹೆಸರಿದೆ. ಭಾರತದಲ್ಲಿ ಸಿಲಿಕೋಸಿಸ್ ಕುರಿತ ಮೊದಲ ವರದಿ ಬಂದದ್ದು 1934ರಲ್ಲಿ, ಅಂದಿನ ಮೈಸೂರು ಸಂಸ್ಥಾನದ ಕೋಲಾರ ಚಿನ್ನದ ಗಣಿಗಳಿಂದ. ಇದು ಆಕಸ್ಮಿಕವಲ್ಲ. ಅಲ್ಲಿ ಚಿನ್ನ ಸಿಗುತ್ತಿದ್ದುದು ಬೆಣಚುಕಲ್ಲಿನ ಪಟ್ಟೆಗಳಲ್ಲಿ. ಚಿನ್ನ ಬೇಕಾದರೆ ಬೆಣಚುಕಲ್ಲನ್ನು ಕೊರೆಯಬೇಕು, ಸಿಡಿಸಬೇಕು, ಅರೆಯಬೇಕು. ಅಂದರೆ ಒಂದು ಗುಲಗಂಜಿ ಚಿನ್ನದ ಹಿಂದೆ ರಾಶಿ ಸಿಲಿಕಾ ಧೂಳು. ಮೂರು ಕಿಲೋಮೀಟರಿಗೂ ಹೆಚ್ಚು ಆಳಕ್ಕಿಳಿದಿದ್ದ ಆ ಗಣಿಗಳು 2001ರಲ್ಲಿ ಮುಚ್ಚಿದವು. ಆದರೆ ಸಿಲಿಕಾ ಧೂಳು ಗಣಿಯೊಂದಿಗೆ ಮುಚ್ಚಿಹೋಗಲಿಲ್ಲ. ಜಲ್ಲಿ ಯಂತ್ರಗಳು, ಕಲ್ಲುಗಣಿಗಳು, ಗ್ರಾನೈಟ್ ಕೊಯ್ಯುವ ಘಟಕಗಳು, ಎರಕದ ಮನೆಗಳು, ಗಾಜು ಮತ್ತು ಪಿಂಗಾಣಿ ಕಾರ್ಖಾನೆಗಳು, ಕಟ್ಟಡ ಕೆಡಹುವ ಜಾಗಗಳು ಎಲ್ಲೆಲ್ಲಿಯೂ ಅದು ಇದೆ.

ನೀವು ಪ್ರಾಥಮಿಕ ಶಾಲೆಯಲ್ಲಿ ಸ್ಲೇಟಿನ ಮೇಲೆ ಬಳಪದಿಂದ ಬರೆದಿದ್ದರೆ ಇದನ್ನೂ ಕೇಳಿ. ಮಧ್ಯಪ್ರದೇಶದ ಮಂದಸೌರ್ ಪ್ರದೇಶದಲ್ಲಿ ಸ್ಲೇಟು ಕಡ್ಡಿ ಕೊಯ್ಯುತ್ತಿದ್ದ ಕೆಲಸಗಾರರು ಎಳೆಯ ವಯಸ್ಸಿನಲ್ಲಿಯೇ ಸಿಲಿಕೋಸಿಸ್‌ಗೆ ತುತ್ತಾದದ್ದು ನಮ್ಮ ದೇಶದ ಔದ್ಯೋಗಿಕ ರೋಗಗಳ ಚರಿತ್ರೆಯ ಒಂದು ದುಃಖದ ಅಧ್ಯಾಯ. ಇತ್ತೀಚೆಗೆ ಅಡುಗೆಮನೆಯ ಕಟ್ಟೆಗೆ ಹಾಸುವ ಕೃತಕ ಕಲ್ಲು ಬಂದಿದೆ. ಅದರಲ್ಲಿ ಕೆಲವು ಬಗೆಯವುಗಳಲ್ಲಿ ನೂರಕ್ಕೆ 90ಕ್ಕೂ ಮಿಗಿಲಾಗಿ ಸಿಲಿಕಾ ಇರುತ್ತದೆ. ಅದನ್ನು ಕೊಯ್ಯುವ ಯುವಕರಲ್ಲಿ ರೋಗ ಹೆಚ್ಚಿದ್ದರಿಂದ ಆಸ್ಟ್ರೇಲಿಯಾ 2024ರ ಜುಲೈ 1ರಿಂದ ಅಂಥ ಕಲ್ಲನ್ನೇ ನಿಷೇಧಿಸಿತು.

ರೋಗವನ್ನು ಗುರುತಿಸುವುದು ಹೇಗೆ?

ಸಿಲಿಕೋಸಿಸ್ ರೋಗನಿದಾನಕ್ಕೆ ಮೂರು ಆಧಾರಗಳು. ಮೊದಲನೆಯದು, ರೋಗ ತರಬಲ್ಲಷ್ಟು ಕಾಲ ಸಿಲಿಕಾ ಧೂಳಿನಲ್ಲಿ ಕೆಲಸ ಮಾಡಿದ ಇತಿಹಾಸ. ಎರಡನೆಯದು, ಎಕ್ಸ್-ರೇ ಅಥವಾ ಸಿ.ಟಿ. ಚಿತ್ರದಲ್ಲಿ ಈ ರೋಗಕ್ಕೆ ಹೊಂದುವ ಚಿಹ್ನೆಗಳು. ಮೂರನೆಯದು, ಹಾಗೆಯೇ ಕಾಣುವ ಬೇರೆ ರೋಗ ಇಲ್ಲವೆಂಬ ಖಾತರಿ.

ಎಕ್ಸ್-ರೇಯನ್ನು ಓದಲು ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ ಮಾದರಿ ಚಿತ್ರಗಳ ಒಂದು ಗುಚ್ಛವನ್ನೇ ಸಿದ್ಧಪಡಿಸಿದೆ. ರೋಗಿಯ ಚಿತ್ರವನ್ನು ಆ ಮಾದರಿಗಳ ಪಕ್ಕದಲ್ಲಿಟ್ಟು ಚುಕ್ಕೆಗಳ ಗಾತ್ರ, ಆಕಾರ, ದಟ್ಟಣೆಗಳನ್ನು ಹೋಲಿಸುತ್ತಾರೆ. ಶ್ವಾಸಕೋಶದ ಬುಡದ ಬಳಿ ಇರುವ ದುಗ್ಧಗ್ರಂಥಿಗಳ ಅಂಚಿನಲ್ಲಿ ಸುಣ್ಣ ಶೇಖರವಾಗಿ, ಮೊಟ್ಟೆಯ ಚಿಪ್ಪಿನಂತೆ ತೆಳುವಾದ ಬಿಳಿ ಗೆರೆ ಕೆಲವರಲ್ಲಿ ಕಾಣುತ್ತದೆ. ಕಂಡರೆ ಅದು ಒಳ್ಳೆಯ ಸುಳಿವು.

ತೊಡಕಿರುವುದು ಮೂರನೆಯ ಆಧಾರದಲ್ಲಿ. ರಾಗಿಕಾಳಿನಂಥ ಚುಕ್ಕೆಗಳು ಒಂದು ಬಗೆಯ ಕ್ಷಯದಲ್ಲೂ ಬರುತ್ತವೆ. ಸಾರ್ಕಾಯ್ಡೋಸಿಸ್ ಎಂಬ ಇನ್ನೊಂದು ರೋಗದಲ್ಲೂ ಬರುತ್ತವೆ. ಗಂಟುಗಳು ಕೂಡಿ ಆದ ದೊಡ್ಡ ಗಡ್ಡೆ ಕ್ಯಾನ್ಸರಿನಂತೆ ಕಾಣಬಹುದು. ಸಿಲಿಕಾ ಧೂಳು ಶ್ವಾಸಕೋಶದ ಕ್ಯಾನ್ಸರಿಗೂ ಕಾರಣವೆಂದು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 1997ರಲ್ಲಿಯೇ ನಿರ್ಣಯಿಸಿರುವುದರಿಂದ ಈ ಅನುಮಾನವನ್ನು ತಳ್ಳಿಹಾಕುವಂತಿಲ್ಲ.

ಕ್ಷಯದ ವಿಷಯವಂತೂ ಇನ್ನೂ ಜಟಿಲ. ಕ್ಷಯದ ರೋಗಾಣುವನ್ನು ಹಿಡಿಯಬೇಕಾದವು ಅದೇ ಭಕ್ಷಕ ಕೋಶಗಳು. ಸಿಲಿಕಾದಿಂದ ಸಾಯುತ್ತಿರುವವೂ ಅವೇ. ಕಾವಲುಗಾರ ಇಲ್ಲದ ಮನೆಗೆ ಕಳ್ಳ ಸುಲಭವಾಗಿ ನುಗ್ಗುತ್ತಾನೆ. ಆದ್ದರಿಂದ ಸಿಲಿಕೋಸಿಸ್ ಇರುವವರಿಗೆ ಕ್ಷಯ ಬರುವ ಸಂಭವ ಇತರರಿಗಿಂತ ಬಹಳ ಹೆಚ್ಚು. ಎರಡೂ ಒಟ್ಟಿಗೆ ಇರಬಹುದು. ಸಿಲಿಕೋಸಿಸನ್ನು ಕ್ಷಯವೆಂದು ಭಾವಿಸಿ ಮಾತ್ರೆ ಕೊಡುವುದು ಹೇಗೆ ತಪ್ಪೋ, ಸಿಲಿಕೋಸಿಸ್ ಇದೆ ಎಂದು ಕ್ಷಯವನ್ನು ಹುಡುಕದೆ ಬಿಡುವುದೂ ಅಷ್ಟೇ ತಪ್ಪು. ಕಫದ ಪರೀಕ್ಷೆಯನ್ನು ಮತ್ತೆ ಮತ್ತೆ ಮಾಡಿಸಬೇಕು. ವೈದ್ಯರು ಹೇಳದೆ ಕ್ಷಯದ ಔಷಧಿಯನ್ನು ಯಾರೂ ನಿಲ್ಲಿಸಬಾರದು.

ಅರಿವಳಿಕೆ ಬರುವುದು ಎಲ್ಲಿ?

ಇತಿಹಾಸ, ಎಕ್ಸ್-ರೇ, ಕಫ ಪರೀಕ್ಷೆ ಇವುಗಳಿಂದ ಅನುಮಾನ ಬಗೆಹರಿಯದಿದ್ದಾಗ ಶ್ವಾಸಕೋಶದ ಒಳಗನ್ನೇ ನೋಡಬೇಕಾಗುತ್ತದೆ. ಅಲ್ಲಿಂದ ಅರಿವಳಿಕೆಯ ಕೆಲಸ ಆರಂಭ.

ಅರಿವಳಿಕೆ ಎಂದರೆ ಅರಿವನ್ನು ತಾತ್ಕಾಲಿಕವಾಗಿ ಅಳಿಸುವುದು. ದೇಹದ ಒಂದು ಭಾಗವನ್ನಷ್ಟೇ ಮರಗಟ್ಟಿಸಿದರೆ ಸ್ಥಳೀಯ ಅರಿವಳಿಕೆ. ಪ್ರಜ್ಞೆಯನ್ನೇ ತಪ್ಪಿಸಿದರೆ ಸಂಪೂರ್ಣ ಅರಿವಳಿಕೆ. ಬೋಸ್ಟನ್ ನಗರದಲ್ಲಿ 1846ರ ಅಕ್ಟೋಬರ್ 16ರಂದು ಮಾರ್ಟನ್ ಎಂಬ ದಂತವೈದ್ಯ ಈಥರ್ ಆವಿಯಿಂದ ರೋಗಿಯನ್ನು ಮಲಗಿಸಿ, ನೋವಿಲ್ಲದ ಶಸ್ತ್ರಚಿಕಿತ್ಸೆಯನ್ನು ಲೋಕಕ್ಕೆ ತೋರಿಸಿದ. 1884ರಲ್ಲಿ ಕಾರ್ಲ್ ಕೊಲ್ಲರ್ ಎಂಬ ವೈದ್ಯ ಕೊಕೇನ್ ದ್ರಾವಣದಿಂದ ಕಣ್ಣನ್ನು ಮರಗಟ್ಟಿಸಬಹುದೆಂದು ಕಂಡುಕೊಂಡ.

ಈ ಎರಡನೆಯ ಶೋಧವೇ ಶ್ವಾಸನಾಳದ ಬಾಗಿಲನ್ನು ತೆರೆಯಿತು. ಒಂದು ಅಗುಳು ಅಡ್ಡದಾರಿ ಹಿಡಿದರೂ ನಮಗೆ ಎಷ್ಟು ಕೆಮ್ಮು ಬರುತ್ತದೆ! ಅಂಥ ಜಾಗದಲ್ಲಿ ನಳಿಗೆ ತೂರಿಸಲು ಸಾಧ್ಯವೇ? 1897ರಲ್ಲಿ ಜರ್ಮನಿಯ ಫ್ರೈಬರ್ಗ್‌ನಲ್ಲಿ ಗುಸ್ತಾವ್ ಕಿಲಿಯಾನ್ ಎಂಬ ಗಂಟಲು ತಜ್ಞ ಗಂಟಲನ್ನು ಕೊಕೇನ್‌ನಿಂದ ಮರಗಟ್ಟಿಸಿ, ನೇರವಾದ ಲೋಹದ ನಳಿಗೆಯನ್ನು ಇಳಿಸಿ, ಒಬ್ಬ ರೈತನ ಶ್ವಾಸನಾಳದಲ್ಲಿ ಸಿಕ್ಕಿಕೊಂಡಿದ್ದ ಮೂಳೆಯ ಚೂರನ್ನು ಹೊರತೆಗೆದ. ಶ್ವಾಸನಾಳ ದರ್ಶನದ ಆರಂಭ ಇದೇ. ಜಪಾನಿನ ಶಿಗೆಟೊ ಇಕೆಡಾ 1966ರಲ್ಲಿ ಗಾಜಿನ ಎಳೆಗಳಿಂದ ಮಾಡಿದ, ಬಾಗಬಲ್ಲ ದರ್ಶಕವನ್ನು ಪರಿಚಯಿಸಿದ ಮೇಲೆ ಈ ಪರೀಕ್ಷೆ ಸುಲಭವಾಯಿತು. ಕೊಕೇನ್ ಇಂದು ಈ ಕೆಲಸಕ್ಕೆ ಬೇಕಿಲ್ಲ. ಸ್ವೀಡನ್ನಿನಲ್ಲಿ 1943ರಲ್ಲಿ ತಯಾರಾದ ಲಿಗ್ನೋಕೇನ್ ಅದರ ಸ್ಥಾನಕ್ಕೆ ಬಂದಿದೆ. ಹಲ್ಲು ಕೀಳಿಸಿಕೊಂಡವರಿಗೆ ಈ ಔಷಧಿಯ ಪರಿಚಯವಿರುತ್ತದೆ.

ಇಂದು ಈ ಪರೀಕ್ಷೆ ನಡೆಯುವುದು ಹೀಗೆ. ರೋಗಿ ಹಲವು ಗಂಟೆ ಹಸಿದಿರಬೇಕು. ಇಲ್ಲವಾದರೆ ವಾಂತಿಯಾಗಿ ಅದು ಶ್ವಾಸನಾಳಕ್ಕೆ ಇಳಿಯುವ ಭಯ. ಮೂಗು, ಗಂಟಲುಗಳಿಗೆ ಲಿಗ್ನೋಕೇನ್ ಸಿಂಪಡಿಸುತ್ತಾರೆ. ಆತಂಕ ಕಳೆದು ಜೊಂಪು ಬರುವಂತೆ ರಕ್ತನಾಳಕ್ಕೆ ಒಂದು ಔಷಧಿ ಕೊಡುತ್ತಾರೆ. ಪೆನ್ಸಿಲ್ಲಿಗಿಂತ ತೆಳುವಾದ ಕೊಳವೆ ಒಳಗಿಳಿಯುತ್ತದೆ. ಅದರ ಮೂಲಕ ಲವಣಜಲ ಬಿಟ್ಟು ಹಿಂದಕ್ಕೆಳೆದು, ಬಂದ ನೀರಿನಲ್ಲಿ ರೋಗಾಣುಗಳನ್ನು ಹುಡುಕಬಹುದು. ಸಣ್ಣ ಚಿಮುಟದಿಂದ ಮಿಲಿಮೀಟರುಗಳ ಲೆಕ್ಕದ ಚೂರು ತೆಗೆಯಬಹುದು. ಪಕ್ಕದ ದುಗ್ಧಗ್ರಂಥಿಗೆ ಸೂಜಿ ಚುಚ್ಚಿ ಮಾದರಿ ಪಡೆಯಬಹುದು. ಪರೀಕ್ಷೆ ಮುಗಿದ ಮೇಲೂ ಗಂಟಲಿನ ಮರಗಟ್ಟುವಿಕೆ ಇಳಿಯುವವರೆಗೆ ನೀರು ಕುಡಿಯುವಂತಿಲ್ಲ.

ಇದರಿಂದಲೂ ಉತ್ತರ ಸಿಗದಿದ್ದರೆ ಕಡೆಯ ಮಾರ್ಗ ಶಸ್ತ್ರಚಿಕಿತ್ಸೆ. ಪಕ್ಕೆಲುಬುಗಳ ನಡುವೆ ಸಣ್ಣ ರಂಧ್ರ ಮಾಡಿ, ಕ್ಯಾಮರಾ ಇಳಿಸಿ, ಶ್ವಾಸಕೋಶದ ಅಂಚಿನಿಂದ ದೊಡ್ಡ ಚೂರನ್ನೇ ತೆಗೆಯುತ್ತಾರೆ. ಇದಕ್ಕೆ ಸಂಪೂರ್ಣ ಅರಿವಳಿಕೆ ಬೇಕು. ಅಷ್ಟೇ ಅಲ್ಲ, ಶಸ್ತ್ರವೈದ್ಯರು ಕೆಲಸ ಮಾಡುವ ಪಕ್ಕದ ಶ್ವಾಸಕೋಶ ಅಲುಗದೆ ಮಲಗಿರಬೇಕು. ಎರಡು ನಾಳಗಳನ್ನು ಜೋಡಿಸಿದ ವಿಶೇಷ ಕೊಳವೆಯಿಂದ ಅರಿವಳಿಕೆ ತಜ್ಞರು ಒಂದೊಂದು ಶ್ವಾಸಕೋಶವನ್ನೂ ಬೇರೆಬೇರೆಯಾಗಿ ನಿಯಂತ್ರಿಸುತ್ತಾರೆ. ಆ ಹೊತ್ತಿನಲ್ಲಿ ರೋಗಿ ಬದುಕುವುದು ಒಂದೇ ಶ್ವಾಸಕೋಶದ ಬಲದಿಂದ.

ಒಂದು ಸರಳ ಲೆಕ್ಕ

ಇಲ್ಲಿ ನಮ್ಮ ಕಲ್ಲು ಕೆಲಸಗಾರರ ಸ್ಥಿತಿಯನ್ನು ಒಂದು ಲೆಕ್ಕದ ಮೂಲಕ ನೋಡೋಣ. ನೋಟು ಪುಸ್ತಕವಿದ್ದರೆ ಬರೆದುಕೊಳ್ಳಿ.

ಆರೋಗ್ಯವಂತ ವಯಸ್ಕರು ಸಹಜವಾಗಿ ಉಸಿರು ಬಿಟ್ಟ ಮೇಲೂ ಶ್ವಾಸಕೋಶಗಳಲ್ಲಿ ಸುಮಾರು ಎರಡೂವರೆ ಲೀಟರ್ ಗಾಳಿ ಉಳಿದಿರುತ್ತದೆ. ಗಾಳಿಯಲ್ಲಿ ಆಕ್ಸಿಜನ್ ನೂರಕ್ಕೆ 21 ಭಾಗ. ಅಂದರೆ ಉಳಿದಿರುವ ಆಕ್ಸಿಜನ್ ಸುಮಾರು ಅರ್ಧ ಲೀಟರ್. ವಿಶ್ರಾಂತಿಯಲ್ಲಿರುವ ದೇಹ ನಿಮಿಷಕ್ಕೆ ಸುಮಾರು 250 ಮಿಲಿಲೀಟರ್ ಆಕ್ಸಿಜನ್ ಬಳಸುತ್ತದೆ. ಲೆಕ್ಕದ ಪ್ರಕಾರ ಎರಡು ನಿಮಿಷಕ್ಕೆ ಮುಗಿಯಿತು; ವಾಸ್ತವದಲ್ಲಿ ಅಷ್ಟೂ ಸಿಗದು.

ಸಂಪೂರ್ಣ ಅರಿವಳಿಕೆ ಕೊಡುವಾಗ ಸ್ನಾಯುಗಳನ್ನು ಸಡಿಲಿಸುವ ಔಷಧಿಯಿಂದ ಉಸಿರಾಟ ನಿಲ್ಲುತ್ತದೆ. ಶ್ವಾಸನಾಳಕ್ಕೆ ಕೊಳವೆ ಹಾಕಿ ಯಂತ್ರಕ್ಕೆ ಜೋಡಿಸುವವರೆಗಿನ ಸಮಯವೇ ಅತ್ಯಂತ ನಾಜೂಕು. ಆದ್ದರಿಂದ ಮೊದಲೇ ಕೆಲವು ನಿಮಿಷ ಶುದ್ಧ ಆಕ್ಸಿಜನ್ ಉಸಿರಾಡಿಸಿ ಶ್ವಾಸಕೋಶಗಳನ್ನು ಅದರಿಂದಲೇ ತುಂಬುತ್ತಾರೆ. ಆಗ ಎರಡೂಕಾಲು ಲೀಟರಿನಷ್ಟು ಆಕ್ಸಿಜನ್ ಸಂಗ್ರಹವಾಗಿ ಎಂಟೊಂಬತ್ತು ನಿಮಿಷದ ಅವಕಾಶ ದೊರೆಯುತ್ತದೆ.

ನಾರುಗಟ್ಟಿ ಕುಗ್ಗಿದ ಶ್ವಾಸಕೋಶದಲ್ಲಿ ಈ ಉಗ್ರಾಣವೇ ಅರ್ಧವಾಗಿದ್ದರೆ? ಅವಕಾಶವೂ ಅರ್ಧವಾಗುತ್ತದೆ. ಗಾಳಿಗೂಡಿನ ಗೋಡೆ ದಪ್ಪವಾಗಿರುವುದರಿಂದ ಇದ್ದ ಆಕ್ಸಿಜನ್ ಕೂಡ ರಕ್ತಕ್ಕೆ ಸಲೀಸಾಗಿ ಸೇರದು. ಬಿಗಿಯಾದ ಶ್ವಾಸಕೋಶಕ್ಕೆ ಗಾಳಿ ತುಂಬಲು ಯಂತ್ರ ಹೆಚ್ಚು ಒತ್ತಡ ಹಾಕಬೇಕು. ಒತ್ತಡ ಮಿತಿಮೀರಿದರೆ ಗಾಳಿಗೂಡು ಒಡೆದು ಎದೆಗೂಡಿನೊಳಗೆ ಗಾಳಿ ಸೋರಿ ಶ್ವಾಸಕೋಶ ಕುಸಿಯಬಹುದು. ಇನ್ನು ರೋಗ ಬಲಿತವರಲ್ಲಿ ಗಡುಸಾದ ಶ್ವಾಸಕೋಶಕ್ಕೆ ರಕ್ತ ನೂಕಿ ನೂಕಿ ಹೃದಯದ ಬಲಭಾಗ ದಣಿದಿರುತ್ತದೆ. ಆಪರೇಷನ್ ಮುಗಿದ ಮೇಲೂ ಗಾಯದ ನೋವಿನಿಂದ ಕೆಮ್ಮಲಾಗದೆ ಕಫ ಒಳಗೇ ನಿಲ್ಲುವ ಅಪಾಯವಿದೆ.

ಈ ಕಾರಣದಿಂದ ಅರಿವಳಿಕೆ ತಜ್ಞರು ಮುಂಚಿತವಾಗಿ ಉಸಿರಿನ ಸಾಮರ್ಥ್ಯ ಅಳೆಯುತ್ತಾರೆ, ಹೃದಯವನ್ನು ಪರೀಕ್ಷಿಸುತ್ತಾರೆ, ರೋಗಿಯನ್ನು ಕೆಲವು ನಿಮಿಷ ನಡೆಸಿ ರಕ್ತದ ಆಕ್ಸಿಜನ್ ಎಷ್ಟು ಇಳಿಯುತ್ತದೆಂದು ನೋಡುತ್ತಾರೆ. ಇದಕ್ಕೆ ಬಳಸುವ, ಬೆರಳಿಗೆ ಸಿಕ್ಕಿಸುವ ಪುಟ್ಟ ಉಪಕರಣವನ್ನು 2020ರ ಕೋವಿಡ್ ಕಾಲದಲ್ಲಿ ನೀವೆಲ್ಲ ನೋಡಿದ್ದೀರಿ. ಜಪಾನಿನ ಟಕುವೊ ಅವೊಯಾಗಿ 1970ರ ದಶಕದಲ್ಲಿ ರೂಪಿಸಿದ ಆ ತತ್ತ್ವ ಅರಿವಳಿಕೆ ಕೋಣೆಯ ಕಣ್ಣಿದ್ದಂತೆ.

ಇಷ್ಟೆಲ್ಲ ಎಚ್ಚರಿಕೆಯಿಂದ ಅಗತ್ಯವಿದ್ದವರಿಗೆ ಇಂಥ ಪರೀಕ್ಷೆಗಳನ್ನು ಮಾಡುತ್ತಾರೆ. ಅರಿವಳಿಕೆಗೆ ಹೆದರಬೇಕಾಗಿಲ್ಲ. ಆದರೆ ಅಗತ್ಯವಿಲ್ಲದಲ್ಲಿ ಅದನ್ನು ಏಕೆ ಕೊಡಬೇಕು?

ಒಂದು ಪ್ರಶ್ನೆಯ ಬೆಲೆ

ಈಗ ವಾರ್ಡಿಗೆ ಹಿಂದಿರುಗೋಣ. ಹದಿನೆಂಟು ವರ್ಷ ಜಲ್ಲಿ ಯಂತ್ರದ ಕೆಲಸ ಎಂಬ ಉತ್ತರ ಬಂದೊಡನೆ ಮೂರು ಆಧಾರಗಳಲ್ಲಿ ಕಾಣೆಯಾಗಿದ್ದ ಮೊದಲನೆಯದು ಸಿಕ್ಕಿತು. ಎಕ್ಸ್-ರೇ ಆಗಲೇ ಇದೆ. ಅರಿವಳಿಕೆ ತಜ್ಞೆ ಶ್ವಾಸಕೋಶದ ವೈದ್ಯರನ್ನು ಕರೆದು ಮಾತನಾಡುತ್ತಾರೆ. ನಾಳೆಯ ಆಪರೇಷನ್ನನ್ನು ಮುಂದೂಡಿ, ಸಿ.ಟಿ. ಚಿತ್ರ ತೆಗೆಸಿ, ಕಫವನ್ನು ಇನ್ನೊಮ್ಮೆ ಪರೀಕ್ಷಿಸಿ, ಎಲ್ಲವೂ ಹೊಂದಿಕೊಂಡರೆ ಎದೆಗೆ ರಂಧ್ರ ಮಾಡದೆಯೇ ರೋಗನಿದಾನ ಮುಗಿಯುತ್ತದೆ. ಸಿಲಿಕೋಸಿಸ್ ಇರುವ ಬಹುಪಾಲು ಜನರಲ್ಲಿ ಚೂರು ತೆಗೆಯುವ ಅಗತ್ಯವೇ ಬೀಳುವುದಿಲ್ಲ. ಅನುಮಾನ ಉಳಿದರೆ ಆಗ ತೆಗೆಯಲಿ. ಅರಿವಳಿಕೆ ಕೊಡುವವರಿಗೂ ತಮ್ಮ ಕೈಯಲ್ಲಿರುವುದು ಎಂಥ ಶ್ವಾಸಕೋಶವೆಂಬುದು ಗೊತ್ತಿರುತ್ತದೆ.

ಇಟಲಿಯ ವೈದ್ಯ ಬರ್ನಾರ್ಡಿನೊ ರಮಾಜಿನಿ ಕಸುಬುದಾರರ ರೋಗಗಳ ಬಗ್ಗೆ 1700ರಲ್ಲಿಯೇ ಒಂದು ಗ್ರಂಥ ಬರೆದ. ಕಲ್ಲುಕುಟಿಗರು ಉಸಿರಾಡುವ ಚೂರುಗಳ ವಿಷಯ ಅದರಲ್ಲಿದೆ. ರೋಗಿಯನ್ನು ಕೇಳಬೇಕೆಂದು ಹಿಂದಿನವರು ಹೇಳಿಟ್ಟ ಪ್ರಶ್ನೆಗಳಿಗೆ ಆತ ಇನ್ನೊಂದನ್ನು ಸೇರಿಸಿದ. ನಿನ್ನ ಕಸುಬು ಯಾವುದು ಎಂಬುದೇ ಆ ಪ್ರಶ್ನೆ. ಮುನ್ನೂರು ವರ್ಷ ಕಳೆದರೂ ಅದಕ್ಕಿಂತ ಅಗ್ಗದ, ಅಪಾಯವಿಲ್ಲದ ಪರೀಕ್ಷೆ ಬಂದಿಲ್ಲ. ಅದಕ್ಕೆ ನಾವು ಇನ್ನೊಂದು ಮಾತನ್ನು ಸೇರಿಸಿಕೊಳ್ಳಬೇಕು: ಅದಕ್ಕೆ ಮೊದಲು ಏನು ಮಾಡುತ್ತಿದ್ದಿರಿ?

ಉತ್ತರ ಸಿಕ್ಕರೆ ಆಗುವ ಲಾಭ ಒಂದೆರಡಲ್ಲ. ಸಿಲಿಕೋಸಿಸ್ ಗುಣವಾಗುವ ರೋಗವಲ್ಲ; ನಾರುಗಟ್ಟಿದ್ದು ಮತ್ತೆ ಮೃದುವಾಗದು. ಆದರೆ ಧೂಳಿನಿಂದ ದೂರವಾದರೆ, ಬೀಡಿ ಸಿಗರೇಟು ಬಿಟ್ಟರೆ, ಕ್ಷಯವನ್ನು ಬೇಗ ಪತ್ತೆಮಾಡಿದರೆ ಆಯುಷ್ಯ ಉಳಿಯುತ್ತದೆ. 1948ರ ಕಾರ್ಖಾನೆ ಕಾಯ್ದೆಯ ಕಾಲದಿಂದಲೂ ಸಿಲಿಕೋಸಿಸ್ ಸರ್ಕಾರಕ್ಕೆ ವರದಿ ಮಾಡಲೇಬೇಕಾದ ರೋಗಗಳ ಪಟ್ಟಿಯಲ್ಲಿದೆ. ಕೆಲಸದಿಂದ ಬಂದ ರೋಗಕ್ಕೆ ಪರಿಹಾರ ಕೇಳುವ ಹಕ್ಕು ಕಾನೂನಿನಲ್ಲಿದೆ. ಚೀಟಿಯಲ್ಲಿ ಕ್ಷಯ ಎಂದು ಬರೆದಿದ್ದರೆ ಆ ಹಕ್ಕು ಅಲ್ಲಿಗೇ ಮುಗಿಯುತ್ತದೆ. ಅದೇ ಯಂತ್ರದ ಬಳಿ ಇನ್ನೂ ದುಡಿಯುತ್ತಿರುವ ಇತರರ ಕಡೆಗೂ ಯಾರ ಗಮನವೂ ಹರಿಯುವುದಿಲ್ಲ.

ಗುಣವಾಗದ ಈ ರೋಗವನ್ನು ಪೂರ್ಣವಾಗಿ ತಡೆಯಬಹುದು ಎಂಬುದೇ ಸಮಾಧಾನದ ಸಂಗತಿ. ನೀರು ಸುರಿಯುತ್ತ ಕಲ್ಲು ಕೊರೆದರೆ ಧೂಳು ಏಳುವುದು ಬಹಳ ಕಡಿಮೆಯಾಗುತ್ತದೆ. ಯಂತ್ರಕ್ಕೆ ಮುಚ್ಚಿಗೆ ಹಾಕಿ ಧೂಳನ್ನು ಹೀರುವ ಏರ್ಪಾಡು ಮಾಡಬಹುದು. ಒಣ ಕಸ ಗುಡಿಸುವ ಬದಲು ಒದ್ದೆಮಾಡಿ ಬಳಿಯಬಹುದು. ಮೂಗಿಗೆ ಕಟ್ಟಿದ ಟವೆಲು ಸಾಲದು. ಅದು ಕಾಣುವ ಧೂಳನ್ನು ತಡೆಯುತ್ತದೆ. ಕಾಣದ ಧೂಳು ನೂಲಿನ ಸಂದಿಯಲ್ಲಿ ನುಸುಳುತ್ತದೆ. ಸೂಕ್ಷ್ಮ ಕಣಗಳಿಗೆಂದೇ ಮಾಡಿದ, ಮುಖಕ್ಕೆ ಸರಿಯಾಗಿ ಕೂರುವ ಮುಖಗವಸು ಬೇಕು. ಅದೂ ಕೊನೆಯ ರಕ್ಷಣೆಯೇ ಹೊರತು ಮೊದಲನೆಯದಲ್ಲ.

ವಿದ್ಯಾರ್ಥಿ ಮಿತ್ರರೇ, ನಿಮ್ಮಲ್ಲಿ ಕೆಲವರು ಮುಂದೆ ವೈದ್ಯರಾಗುವಿರಿ, ದಾದಿಯರಾಗುವಿರಿ, ಎಂಜಿನಿಯರುಗಳಾಗಿ ಕಲ್ಲು ಕೊರೆಯುವ ಕೆಲಸದ ಹೊಣೆ ಹೊರುವಿರಿ. ಅಲ್ಲಿಯವರೆಗೆ ಕಾಯಬೇಕಾಗಿಲ್ಲ. ನಿಮ್ಮ ಮನೆಯಲ್ಲೋ, ಬೀದಿಯಲ್ಲೋ ಬಹುಕಾಲದಿಂದ ಕೆಮ್ಮುತ್ತಿರುವ ದೊಡ್ಡಪ್ಪನೋ ಚಿಕ್ಕಮ್ಮನೋ ಇದ್ದರೆ ಅವರ ಪಕ್ಕ ಕುಳಿತು ಕೇಳಿ. ಯಾವ ಯಾವ ವರ್ಷ, ಎಲ್ಲೆಲ್ಲಿ, ಏನೇನು ಕೆಲಸ ಮಾಡಿದರು? ಒಂದು ಹಾಳೆಯಲ್ಲಿ ಬರೆಯಿರಿ. ಹಳೆಯ ಹಾಜರಿ ಚೀಟಿ, ಗುರುತಿನ ಕಾರ್ಡು ಇದ್ದರೆ ಜೋಪಾನವಾಗಿ ತೆಗೆದಿಡಿ. ಅವರು ಆಸ್ಪತ್ರೆಗೆ ಹೋಗುವಾಗ ಎಕ್ಸ್-ರೇ ಜೊತೆಗೆ ಆ ಹಾಳೆಯನ್ನೂ ವೈದ್ಯರ ಕೈಗೆ ಕೊಡಿ.